ಮಧ್ಯಸ್ಥನ ಧರ್ಮ

ಮಧ್ಯಸ್ಥ ಎಂಬ ಶಬ್ದಕ್ಕೆ ನಮ್ಮಲ್ಲಿ ಎರಡು ನೆಲೆಗಳಿವೆ. ಒಂದು ಪೇಟೆಯದು, ಇನ್ನೊಂದು ಶಾಸ್ತ್ರದ್ದು. ಪೇಟೆಯಲ್ಲಿ ಮಧ್ಯಸ್ಥನೆಂದರೆ ಕೊಳ್ಳುವವನಿಗೂ ಮಾರುವವನಿಗೂ ನಡುವೆ ನಿಂತು ಮಾತು ಕುದುರಿಸುವವನು. ಶಾಸ್ತ್ರದಲ್ಲಿ ಮಾಧ್ಯಸ್ಥ್ಯವೆಂದರೆ ರಾಗದ್ವೇಷಗಳಿಗೆ ಎಡೆಗೊಡದ ಚಿತ್ತವೃತ್ತಿ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಮೈತ್ರಿ, ಪ್ರಮೋದ, ಕಾರುಣ್ಯಗಳನ್ನು ಹೇಳಿ ನಾಲ್ಕನೆಯದಾಗಿ ಮಾಧ್ಯಸ್ಥ್ಯವನ್ನು ಹೇಳಿದ್ದಾರೆ; ಹಿತವಚನಕ್ಕೆ ಕಿವಿಗೊಡದ ಅವಿನೇಯರ ವಿಷಯದಲ್ಲಿ ಅದನ್ನು ತಾಳಬೇಕೆಂದು ವಿಧಿಸಿದ್ದಾರೆ. ಮೇಲ್ನೋಟಕ್ಕೆ ಈ ಎರಡು ಅರ್ಥಗಳು ಪರಸ್ಪರ ವಿರುದ್ಧವಾಗಿವೆ. ಪೇಟೆಯ ಮಧ್ಯಸ್ಥನಿಗೆ ಮಾತೇ ಬಂಡವಾಳ. ಶಾಸ್ತ್ರದ ಮಧ್ಯಸ್ಥನಾದರೋ ಕೇಳದವನ ಎದುರು ಸುಮ್ಮನಿರುವವನಂತೆ ತೋರುತ್ತಾನೆ.

ಇಡೀ ಭೂಮಂಡಲವನ್ನು ಸುಡಬಲ್ಲ ಆಯುಧಗಳನ್ನು ಹಿಡಿದು ಎರಡು ಮಹಾಶಕ್ತಿಗಳು ಎದುರುಬದುರು ನಿಂತಿರುವಾಗ, ಅಂಥ ಆಯುಧವಿಲ್ಲದ ಮೂರನೆಯ ರಾಷ್ಟ್ರವೊಂದು ನಡುವೆ ಬಂದು ಮಾತನಾಡಿದರೆ, ಅದು ಈ ಎರಡರಲ್ಲಿ ಯಾವ ಬಗೆಯ ಮಧ್ಯಸ್ಥ? ಅದಕ್ಕೆ ಮಾತನಾಡುವ ಅಧಿಕಾರ ಎಲ್ಲಿಂದ ಬಂತು? ಅದರ ಮಾತಿಗೆ ಬೆಲೆ ಯಾವುದರಿಂದ? ತಾನೇ ಆಯುಧ ಹಿಡಿದ ಮೇಲೆ ಆ ಬೆಲೆ ಉಳಿಯುವುದೇ? ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಗಳನ್ನು ವಿಚಾರಿಸಲಾಗಿದೆ. ಇವು ರಾಜತಂತ್ರಜ್ಞರಿಗೆ ಮಾತ್ರ ಸಂಬಂಧಿಸಿದವಲ್ಲ. ಕೃತ, ಕಾರಿತ, ಅನುಮೋದಿತ ಎಂದು ಹಿಂಸೆಯನ್ನು ಮೂರು ವಿಧವಾಗಿ ಎಣಿಸುವ ನಮಗೆ, ನೋಡುತ್ತ ನಿಂತವನ ಪಾಲೆಷ್ಟು ಎಂಬ ಪ್ರಶ್ನೆ ಹೊಸದಲ್ಲ.

ವಾಷಿಂಗ್ಟನ್ನಿಗೆ ಹೋದ ಮೂವರು

ಈ ಪ್ರಶ್ನೆಗೆ ನಮ್ಮ ನಾಡಿನೊಂದಿಗೆ ನಿಕಟವಾದ ನಂಟಿದೆ. 1962ರ ಜೂನ್ ತಿಂಗಳಲ್ಲಿ ಗಾಂಧಿ ಶಾಂತಿ ಪ್ರತಿಷ್ಠಾನವು ದೆಹಲಿಯಲ್ಲಿ ಅಣ್ವಸ್ತ್ರ ವಿರೋಧಿ ಸಮ್ಮೇಳನವನ್ನು ನಡೆಸಿತು. ಆಗ ಪ್ರತಿಷ್ಠಾನದ ಅಧ್ಯಕ್ಷರಾಗಿದ್ದವರು ಧಾರವಾಡದ ರಂಗನಾಥ ರಾಮಚಂದ್ರ ದಿವಾಕರರು. ವಚನಶಾಸ್ತ್ರ ರಹಸ್ಯವನ್ನು ಬರೆದ ದಿವಾಕರರೇ ಇವರು. ಕೆಲವೇ ವಾರಗಳ ಹಿಂದೆ ರಾಷ್ಟ್ರಪತಿ ಪದವಿಯಿಂದ ನಿವೃತ್ತರಾಗಿದ್ದ ರಾಜೇಂದ್ರ ಪ್ರಸಾದರು ಆ ಸಮ್ಮೇಳನದಲ್ಲಿ, ಭಾರತವು ಇತರರಿಗೆ ಕಾಯದೆ ತಾನೇ ಮೊದಲು ಶಸ್ತ್ರತ್ಯಾಗ ಮಾಡಬೇಕೆಂಬ ಮಾತನ್ನು ಆಡಿದರು. ಅಣ್ವಸ್ತ್ರ ಹೊಂದಿದ ದೇಶಗಳಿಗೆ ನಿಯೋಗಗಳನ್ನು ಕಳುಹಿಸಿ, ಪರೀಕ್ಷಾ ಸ್ಫೋಟಗಳನ್ನು ನಿಲ್ಲಿಸುವಂತೆ ಕೇಳಿಕೊಳ್ಳಬೇಕೆಂದು ಸಮ್ಮೇಳನ ತೀರ್ಮಾನಿಸಿತು.

ಅಮೆರಿಕಕ್ಕೆ ಹೋದ ನಿಯೋಗದಲ್ಲಿ ಮೂವರಿದ್ದರು. ನಾಯಕರು ಚಕ್ರವರ್ತಿ ರಾಜಗೋಪಾಲಾಚಾರ್ಯರು. ಆಗ ಅವರಿಗೆ 83 ವರ್ಷ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಈ ಹಿರಿಯರು ಪಾಶ್ಚಾತ್ಯ ದೇಶವೊಂದಕ್ಕೆ ಕಾಲಿಟ್ಟದ್ದು ಅದೇ ಮೊದಲು. ಇನ್ನಿಬ್ಬರು ಕನ್ನಡ ನಾಡಿನವರು: ದಿವಾಕರರು ಮತ್ತು ಮಂಗಳೂರಿನ ಬೆನಗಲ್ ಶಿವರಾಯರು. ಶಿವರಾಯರು ಪತ್ರಕರ್ತರು, ದಕ್ಷಿಣ ಕನ್ನಡದಿಂದ ಮೊದಲನೆಯ ಲೋಕಸಭೆಗೆ ಆರಿಸಿ ಹೋಗಿದ್ದವರು. 1962ರ ಸೆಪ್ಟೆಂಬರ್ 28ರಂದು ಈ ಮೂವರು ಅಧ್ಯಕ್ಷ ಕೆನಡಿಯವರನ್ನು ಶ್ವೇತಭವನದಲ್ಲಿ ಕಂಡರು. ಭೇಟಿಯು ಗೊತ್ತುಪಡಿಸಿದ ಅವಧಿಯನ್ನು ಮೀರಿ ನಡೆಯಿತು.

ಅವರು ಸರ್ಕಾರದ ದೂತರಾಗಿರಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ರಾಜಾಜಿಯವರಂತೂ ಆಗ ಸ್ವತಂತ್ರ ಪಕ್ಷದ ನಾಯಕರಾಗಿ ನೆಹರೂ ಸರ್ಕಾರದ ಪ್ರಬಲ ಟೀಕಾಕಾರರಾಗಿದ್ದರು. ಅವರ ಕೈಯಲ್ಲಿ ಕೊಡಲು ಏನೂ ಇರಲಿಲ್ಲ, ಕಸಿದುಕೊಳ್ಳಲೂ ಏನೂ ಇರಲಿಲ್ಲ. ಸೋವಿಯತ್ ಒಕ್ಕೂಟವು 1961ರ ಸೆಪ್ಟೆಂಬರಿನಲ್ಲಿ ಪರೀಕ್ಷೆಗಳನ್ನು ಪುನಃ ಆರಂಭಿಸಿ, ಅಕ್ಟೋಬರ್ 30ರಂದು ಸುಮಾರು 50 ಮೆಗಾಟನ್ನಿನ ಬಾಂಬನ್ನು ಸ್ಫೋಟಿಸಿತ್ತು. 1962ರ ಏಪ್ರಿಲ್‌ನಿಂದ ಅಮೆರಿಕವೂ ವಾಯುಮಂಡಲದಲ್ಲಿ ಸ್ಫೋಟಗಳ ಸರಣಿಯನ್ನೇ ನಡೆಸುತ್ತಿತ್ತು. ಇಂಥ ಸಮಯದಲ್ಲಿ ಮೂವರು ವೃದ್ಧರು ಹೋಗಿ, ದಯವಿಟ್ಟು ನಿಲ್ಲಿಸಿ ಎಂದರು. ಇದನ್ನು ಯಾಚನೆ ಎನ್ನಬೇಕೇ, ಮಧ್ಯಸ್ಥಿಕೆ ಎನ್ನಬೇಕೇ?

ಮೂರನೆಯವನ ಅಧಿಕಾರ

ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂದು ಗಾದೆ. ಅಣ್ವಸ್ತ್ರಗಳ ವಿಷಯದಲ್ಲಿ ಈ ಗಾದೆ ಸುಳ್ಳಾಯಿತು. 1954ರ ಮಾರ್ಚ್ 1ರಂದು ಅಮೆರಿಕವು ಬಿಕಿನಿ ದ್ವೀಪದಲ್ಲಿ 15 ಮೆಗಾಟನ್ನಿನ ಜಲಜನಕ ಬಾಂಬನ್ನು ಸ್ಫೋಟಿಸಿತು. ಅದರ ವಿಷಭಸ್ಮ ಬಿದ್ದದ್ದು ಯಾವ ಶತ್ರುವಿನ ಮೇಲೂ ಅಲ್ಲ. ನೆರೆಯ ದ್ವೀಪಗಳ ನಿವಾಸಿಗಳ ಮೇಲೆ, ಮತ್ತು ಮೀನು ಹಿಡಿಯಲು ಹೋಗಿದ್ದ ಜಪಾನಿನ ದೋಣಿಯೊಂದರ 23 ಜನರ ಮೇಲೆ. ಮುಂದಿನ ವರ್ಷಗಳಲ್ಲಿ ಇಂಥ ಸ್ಫೋಟಗಳಿಂದ ಗಾಳಿಗೆ ಸೇರಿದ ಸ್ಟ್ರಾನ್ಷಿಯಂ ಧಾತುವು ಮಳೆಯೊಡನೆ ಇಳಿದು, ಹುಲ್ಲಿಗೆ, ಹುಲ್ಲಿನಿಂದ ಹಾಲಿಗೆ, ಹಾಲಿನಿಂದ ಮಕ್ಕಳ ಎಲುಬಿಗೆ ಸೇರುತ್ತಿರುವುದನ್ನು ವಿಜ್ಞಾನಿಗಳು ಕಂಡುಕೊಂಡರು. ಎರಡು ಕೋಣಗಳು ಕಾದಾಡಿದರೆ ಗಿಡಕ್ಕೆ ಸಾವು ಎಂಬ ನಮ್ಮ ಹಳೆಯ ಮಾತೇ ಇಲ್ಲಿ ಸರಿಯಾಗಿ ಹೊಂದುತ್ತದೆ.

ಆದುದರಿಂದ ಮೂರನೆಯವನು ಇಲ್ಲಿ ಹೊರಗಿನವನಲ್ಲ. ಆಯುಧ ಹಿಡಿದವರು ಇಬ್ಬರೇ ಆದರೂ ಅದರ ಫಲವನ್ನು ಉಣ್ಣುವವರು ಎಲ್ಲರೂ. ಅವನಿಗೆ ಮಾತನಾಡುವ ಅಧಿಕಾರ ಬರುವುದು ಬಲದಿಂದಲ್ಲ, ಸಂಖ್ಯೆಯಿಂದಲೂ ಅಲ್ಲ. ತನ್ನ ಪಾಲಿಗೆ ಬರುವ ನೋವಿನಿಂದ. 1954ರ ಏಪ್ರಿಲ್ 2ರಂದು ಪ್ರಧಾನಿ ನೆಹರೂ ಲೋಕಸಭೆಯಲ್ಲಿ, ಪೂರ್ಣ ಒಪ್ಪಂದವಾಗುವ ತನಕ ಕನಿಷ್ಠ ಪರೀಕ್ಷೆಗಳನ್ನಾದರೂ ಇದ್ದಲ್ಲಿಗೇ ನಿಲ್ಲಿಸಿರೆಂದು ಕೇಳಿದ್ದು ಈ ಅಧಿಕಾರದಿಂದಲೇ. ಆ ದಿನಗಳಲ್ಲಿ ಭಾರತವು ವಿಸ್ತಾರದಲ್ಲಿ ದೊಡ್ಡದಾದರೂ ಸಂಪತ್ತಿನಲ್ಲಿ, ಶಸ್ತ್ರದಲ್ಲಿ ಸಣ್ಣ ರಾಷ್ಟ್ರವೇ ಆಗಿತ್ತು. 1962ರ ಮಾರ್ಚಿಯಲ್ಲಿ ಜಿನೀವಾದಲ್ಲಿ ಹದಿನೆಂಟು ರಾಷ್ಟ್ರಗಳ ನಿಶ್ಶಸ್ತ್ರೀಕರಣ ಸಮಿತಿ ಸೇರಿದಾಗ, ಎರಡು ಬಣಗಳ ನಡುವೆ ಭಾರತ, ಬರ್ಮಾ, ಬ್ರೆಜಿಲ್, ಇಥಿಯೋಪಿಯ, ಮೆಕ್ಸಿಕೊ, ನೈಜೀರಿಯ, ಸ್ವೀಡನ್, ಸಂಯುಕ್ತ ಅರಬ್ ಗಣರಾಜ್ಯ ಎಂಬ ಎಂಟು ದೇಶಗಳು ಕುಳಿತವು.

ವ್ಯಾಪಾರಿಯಾದವನಿಗೆ ಆ ಚೌಕಾಸಿಯ ಸ್ವರೂಪ ಬೇಗ ಅರ್ಥವಾಗುತ್ತದೆ. ಭೂಗರ್ಭದಲ್ಲಿ ಕದ್ದು ಸ್ಫೋಟ ನಡೆಸಿದರೆ ತಿಳಿಯುವುದು ಹೇಗೆ ಎಂಬುದೇ ತೊಡಕು. ನಿಮ್ಮ ನೆಲಕ್ಕೆ ಬಂದು ತಪಾಸಣೆ ಮಾಡುತ್ತೇವೆ ಎಂದು ಅಮೆರಿಕ. ಅದು ಗೂಢಚರ್ಯೆ ಎಂದು ರಷ್ಯ. ಎಂಟು ದೇಶಗಳು ಏಪ್ರಿಲ್ 16ರಂದು ಒಂದು ಜಂಟಿ ಟಿಪ್ಪಣಿಯನ್ನು ಮುಂದಿಟ್ಟವು: ಈಗಾಗಲೇ ಇರುವ ವೀಕ್ಷಣಾ ಕೇಂದ್ರಗಳನ್ನೇ ಬಳಸೋಣ; ಯಾರ ಪಕ್ಷವನ್ನೂ ಹಿಡಿಯದ ವಿಜ್ಞಾನಿಗಳ ಅಂತಾರಾಷ್ಟ್ರೀಯ ಆಯೋಗವೊಂದು ಅಂಕಿಅಂಶಗಳನ್ನು ಪರಿಶೀಲಿಸಲಿ; ಸಂಶಯ ಬಂದಾಗ ಆ ದೇಶವೇ ಆಯೋಗವನ್ನು ಕರೆಯಲಿ. 1963ರ ಆರಂಭದ ವೇಳೆಗೆ ವ್ಯತ್ಯಾಸ ಬಹಳ ಕಿರಿದಾಗಿತ್ತು. ವರ್ಷಕ್ಕೆ ಏಳು ತಪಾಸಣೆಗಳು ಬೇಕೆಂದು ಅಮೆರಿಕ, ಮೂರಕ್ಕಿಂತ ಹೆಚ್ಚು ಸಾಧ್ಯವಿಲ್ಲವೆಂದು ರಷ್ಯ. ಏಳು ಮತ್ತು ಮೂರರ ನಡುವಣ ಅಂತರಕ್ಕಾಗಿ ಸಂಪೂರ್ಣ ನಿಷೇಧ ಕೈತಪ್ಪಿತು. ಸಂತೆಯಲ್ಲಿ ನಾಲ್ಕು ರೂಪಾಯಿಗೆ ಮುರಿದುಬೀಳುವ ವ್ಯಾಪಾರವನ್ನು ನಾವೆಲ್ಲ ನೋಡಿದ್ದೇವೆ. ಅಲ್ಲಿ ಕೊರತೆ ಹಣದ್ದಲ್ಲ, ನಂಬಿಕೆಯದು.

ಮಾತಿನ ಪತ್ತು

ಮಧ್ಯಸ್ಥನಿಗೆ ಬೇಕಾದ ಮುಖ್ಯ ಬಂಡವಾಳ ಪತ್ತು. ಸಾಲದ ಪತ್ತು ಆಸ್ತಿಯ ಮೇಲೆ ನಿಲ್ಲುತ್ತದೆ. ಮಾತಿನ ಪತ್ತು ನಡತೆಯ ಮೇಲೆ ನಿಲ್ಲುತ್ತದೆ. ಅದು ಇಲ್ಲದಿದ್ದರೆ ಸತ್ಯವನ್ನೇ ಹೇಳಿದರೂ ಪ್ರಯೋಜನವಿಲ್ಲ. 1950ರ ಅಕ್ಟೋಬರ್ ಆರಂಭದಲ್ಲಿ ಚೀನದ ಪ್ರಧಾನಿ ಚೌ ಎನ್‌ಲಾಯ್ ಅವರು ಪೀಕಿಂಗಿನಲ್ಲಿದ್ದ ಭಾರತದ ರಾಯಭಾರಿ ಕೆ. ಎಂ. ಪಣಿಕ್ಕರ್ ಅವರನ್ನು ಮಧ್ಯರಾತ್ರಿ ಕರೆಸಿಕೊಂಡು, ಅಮೆರಿಕದ ಸೈನ್ಯ ಕೊರಿಯದಲ್ಲಿ 38ನೆಯ ಅಕ್ಷಾಂಶವನ್ನು ದಾಟಿದರೆ ಚೀನ ಯುದ್ಧಕ್ಕಿಳಿಯುವುದೆಂದು ತಿಳಿಸಿದರು. ಸಂದೇಶ ತಲುಪಿತು, ಆದರೆ ಪಣಿಕ್ಕರ್ ಚೀನದ ಪರ ಒಲವುಳ್ಳವರೆಂದು ಭಾವಿಸಿದ ವಾಷಿಂಗ್ಟನ್ ಅದನ್ನು ನಂಬಲಿಲ್ಲ. ಸೈನ್ಯ ದಾಟಿತು, ಚೀನ ಬಂತು, ಯುದ್ಧ ಇನ್ನೂ ಎರಡೂವರೆ ವರ್ಷಕ್ಕಿಂತ ಹೆಚ್ಚು ಕಾಲ ನಡೆಯಿತು. ನವೆಂಬರ್ 30ರಂದು ಅಧ್ಯಕ್ಷ ಟ್ರೂಮನ್ ಅವರು ಅಣುಬಾಂಬಿನ ಬಳಕೆಯೂ ಪರಿಶೀಲನೆಯಲ್ಲಿದೆ ಎಂದಾಗ ಜಗತ್ತು ನಡುಗಿತು.

ಆ ಹೊತ್ತಿನಲ್ಲಿ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದವರು ಶಿವರಾಯರ ಅಣ್ಣ, ನಮ್ಮ ಸಂವಿಧಾನ ರಚನಾಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗರಾಯರು. 1950ರ ಡಿಸೆಂಬರಿನಲ್ಲಿ ಕದನವಿರಾಮದ ದಾರಿ ಹುಡುಕಲು ನೇಮಕವಾದ ಮೂವರ ಮಂಡಲಿಯಲ್ಲಿ ಇರಾನಿನ ಎಂತೇಜಾಮ್, ಕೆನಡಾದ ಪಿಯರ್ಸನ್ ಅವರೊಡನೆ ರಾಯರಿದ್ದರು. ಚೀನ ಆ ಮಂಡಲಿಯ ಮಾತನ್ನು ಒಪ್ಪಲಿಲ್ಲ. 1951ರ ಫೆಬ್ರವರಿ 1ರಂದು ಚೀನವನ್ನು ಆಕ್ರಮಣಕಾರಿ ಎಂದು ಸಾರುವ ನಿರ್ಣಯ ಬಂದಾಗ, ಹಾಗೆ ಸಾರಿದರೆ ಮಾತುಕತೆಯ ಬಾಗಿಲು ಮುಚ್ಚುವುದೆಂದು ಭಾರತ ವಿರೋಧವಾಗಿ ಮತ ನೀಡಿತು. ಸೋವಿಯತ್ ಬಣವನ್ನು ಬಿಟ್ಟರೆ ಹಾಗೆ ಮಾಡಿದ ಇನ್ನೊಂದು ದೇಶ ಬರ್ಮಾ ಮಾತ್ರ. ಪೀಕಿಂಗ್ ಒಪ್ಪಲಿಲ್ಲ, ವಾಷಿಂಗ್ಟನ್ ಮುನಿಯಿತು. ಇಬ್ಬರಿಂದಲೂ ಬೈಗುಳ ತಿನ್ನುವುದು ಮಧ್ಯಸ್ಥನ ಕೂಲಿ. ಆದರೆ 1953ರಲ್ಲಿ ಯುದ್ಧ ನಿಂತು, ತಾಯ್ನಾಡಿಗೆ ಮರಳಲೊಪ್ಪದ 22,000ಕ್ಕೂ ಹೆಚ್ಚು ಸೆರೆಯಾಳುಗಳ ಪ್ರಶ್ನೆ ಬಂದಾಗ, ಉಭಯಪಕ್ಷಗಳೂ ಒಪ್ಪಿದ ಆಯೋಗದ ಅಧ್ಯಕ್ಷತೆ ದೊರೆತದ್ದು ಭಾರತಕ್ಕೆ. ಆ ಸ್ಥಾನದಲ್ಲಿ ಕುಳಿತವರು ಕೊಡಗಿನ ಜನರಲ್ ತಿಮ್ಮಯ್ಯನವರು. ಬೈಸಿಕೊಂಡೂ ನಡುವೆಯೇ ನಿಂತವನ ಬಳಿಗೆ ಕೊನೆಗೆ ಇಬ್ಬರೂ ಬಂದರು.

ಬೆದರಿಕೆಯನ್ನು ಹೊರಬಹುದೇ?

ಇಲ್ಲಿ ಸೂಕ್ಷ್ಮವಾದ ಧರ್ಮಸಂಕಟವೊಂದಿದೆ. 1953ರ ಮೇ ತಿಂಗಳಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾನ್ ಫಾಸ್ಟರ್ ಡಲೆಸ್ ದೆಹಲಿಗೆ ಬಂದರು. ಕೊರಿಯದ ಮಾತುಕತೆ ಮುರಿದರೆ ಅಮೆರಿಕವು ಯುದ್ಧವನ್ನು ಕಡಿಮೆ ಮಾಡುವುದಿಲ್ಲ, ಹೆಚ್ಚಿಸಬಹುದು ಎಂದು ನೆಹರೂ ಅವರಿಗೆ ಹೇಳಿದರು. ಅಣುಬಾಂಬಿನ ಎಚ್ಚರಿಕೆ ಚೀನಕ್ಕೆ ತಲುಪಿದ್ದರಿಂದಲೇ ಜುಲೈನಲ್ಲಿ ಕದನವಿರಾಮ ಸಾಧ್ಯವಾಯಿತೆಂಬುದು ಡಲೆಸ್ ಅವರ ನಂತರದ ಮಾತು. ಅಂಥ ಯಾವ ಸಂದೇಶವನ್ನೂ ತಾವು ದಾಟಿಸಲಿಲ್ಲವೆಂದು ನೆಹರೂ ಹೇಳಿದರು.

ನೆಹರೂ ಮಾಡಿದ್ದು ಸರಿಯೇ? ಒಂದು ಬದಿಯಿಂದ ನೋಡಿದರೆ, ಬೆದರಿಕೆಯನ್ನು ಹೊತ್ತೊಯ್ಯುವವನು ಬೆದರಿಸುವವನ ಕೈಯೇ ಆಗುತ್ತಾನೆ. ಕಾರಿತ ದೋಷ ಅವನಿಗೆ ತಟ್ಟದೆ ಇರದು. ಇನ್ನೊಂದು ಬದಿಯಿಂದ ನೋಡಿದರೆ, ಬರುವ ವಿಪತ್ತನ್ನು ಬಲ್ಲವನು ಮುಚ್ಚಿಟ್ಟರೆ ತಿಳಿಯದೆ ಸಾಯುವವರ ಪಾಪ ಯಾರಿಗೆ? ಪಣಿಕ್ಕರ್ ಅವರು ಚೌ ಎನ್‌ಲಾಯ್ ಅವರ ಮಾತನ್ನು ಹೊತ್ತೊಯ್ದರಲ್ಲವೇ? ಅದೂ ಒಂದು ಬೆದರಿಕೆಯೇ ಅಲ್ಲವೇ?

ಎಚ್ಚರಿಕೆಗೂ ಬೆದರಿಕೆಗೂ ಭೇದವುಂಟು. ಇಂಥ ಗೆರೆಯನ್ನು ದಾಟಿದರೆ ನಾನು ಸುಮ್ಮನಿರಲಾರೆ ಎಂಬುದು ಎಚ್ಚರಿಕೆ. ದಾಟದಿದ್ದರೆ ಕೇಳಿದವನಿಗೆ ನಷ್ಟವಿಲ್ಲ. ನಾನು ಹೇಳಿದಂತೆ ಕೇಳು, ಇಲ್ಲವಾದರೆ ಸುಡುತ್ತೇನೆ ಎಂಬುದು ಬೆದರಿಕೆ; ಅದು ಭಯವನ್ನೇ ಆಯುಧವಾಗಿಸುತ್ತದೆ. ಆದರೂ ಇವೆರಡರ ನಡುವಣ ಗೆರೆ ತೆಳುವಾದದ್ದು. ಆದ್ದರಿಂದ ಮಧ್ಯಸ್ಥನಿಗೆ ಒಂದು ಪರೀಕ್ಷೆ ಬೇಕು. ಇದೇ ಮಾತನ್ನು ಎದುರು ಪಕ್ಷದವನು ಆಡಿದ್ದರೆ ನಾನು ಇದೇ ಶಬ್ದಗಳಲ್ಲಿ ಇವನಿಗೆ ತಲುಪಿಸುತ್ತಿದ್ದೆನೇ? ಹೌದಾದರೆ ಹೊರಲಿ; ಇಲ್ಲವಾದರೆ ಅವನು ಮಧ್ಯಸ್ಥನಲ್ಲ, ಒಬ್ಬನ ಆಳು. ರಾಗದ್ವೇಷರಹಿತವಾದ ಮಾಧ್ಯಸ್ಥ್ಯ ಎಂಬ ಶಾಸ್ತ್ರದ ಮಾತಿಗೆ ಲೋಕವ್ಯವಹಾರದಲ್ಲಿ ಇದೇ ಅರ್ಥ. ಪೇಟೆಯ ಮಧ್ಯಸ್ಥನೂ ಶಾಸ್ತ್ರದ ಮಧ್ಯಸ್ಥನೂ ಇಲ್ಲಿ ಒಂದಾಗುತ್ತಾರೆ. ಒಬ್ಬನು ಮಾತನಾಡುವವನು, ಇನ್ನೊಬ್ಬನು ಮೌನಿ ಎಂಬ ಭೇದ ಹೊರಗಿನದು. ಆಡುವ ಮಾತಿನಲ್ಲಿ ರಾಗವೂ ದ್ವೇಷವೂ ಇಲ್ಲದಿರುವುದು, ಮಾತು ವ್ಯರ್ಥವಾದಾಗಲೂ ಕೇಳದವನ ಮೇಲೆ ಕೋಪ ತಾಳದಿರುವುದು, ಇದೇ ಇಬ್ಬರಿಗೂ ಸಮಾನವಾದ ಲಕ್ಷಣ.

ತಟಸ್ಥನು ಬೇರೆ. ತಟದಲ್ಲಿ ನಿಂತವನಿಗೆ ನೀರಿನಲ್ಲಿ ಮುಳುಗುವವರ ಚಿಂತೆಯಿಲ್ಲ. ಮಧ್ಯಸ್ಥನು ನಡುನೀರಿನಲ್ಲಿ ನಿಂತವನು. ಈ ಎರಡು ಶಬ್ದಗಳನ್ನು ಪರ್ಯಾಯವಾಗಿ ಬಳಸುವ ರೂಢಿ ನಮ್ಮಲ್ಲಿ ಬೆಳೆದಿರುವುದು ವಿಷಾದಕರ.

ಮಂತ್ರಿಗಳ ಸಂಧಾನ, ಚಕ್ರದ ಪ್ರಯೋಗ

ನಮ್ಮ ಪುರಾಣದಲ್ಲಿ ಇದಕ್ಕೊಂದು ಮಹತ್ತ್ವದ ದೃಷ್ಟಾಂತವಿದೆ. ಜಿನಸೇನಾಚಾರ್ಯರು ಸಂಸ್ಕೃತದಲ್ಲಿ, ಕ್ರಿ.ಶ. 941ರಲ್ಲಿ ಪಂಪನು ಕನ್ನಡದಲ್ಲಿ ಹೇಳಿದ ಭರತ-ಬಾಹುಬಲಿಯರ ಕಥೆಯನ್ನು ಅರಿಯದ ಜೈನ ಮನೆಯಿಲ್ಲ. ಆದರೆ ಅದರೊಳಗಿನ ಮಂತ್ರಿಗಳ ಪಾತ್ರವನ್ನು ನಾವು ಬೇಗ ದಾಟಿಬಿಡುತ್ತೇವೆ. ಎರಡು ಸೇನೆಗಳು ಎದುರಾದಾಗ ಮಂತ್ರಿಗಳು ಆಲೋಚಿಸಿದರು: ಅಣ್ಣತಮ್ಮಂದಿರಿಬ್ಬರೂ ಚರಮದೇಹಿಗಳು, ಯುದ್ಧದಲ್ಲಿ ಅವರಿಗೆ ಸಾವಿಲ್ಲ, ಸಾಯುವವರು ಸೈನಿಕರು, ನಿರಾಶ್ರಿತರಾಗುವವರು ಪ್ರಜೆಗಳು. ಆದ್ದರಿಂದ ಇಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಸೋಲುಗೆಲುವನ್ನು ತೀರ್ಮಾನಿಸಿಕೊಳ್ಳಲಿ ಎಂದರು. ಇದಕ್ಕಿಂತ ಸ್ಪಷ್ಟವಾದ ನಿಶ್ಶಸ್ತ್ರೀಕರಣದ ಸಂಧಾನ ಬೇರೊಂದಿಲ್ಲ. ಕಾದಲು ಆಜ್ಞೆ ಮಾಡುವವರು ಸುರಕ್ಷಿತರು, ಅಳಿಯುವವರು ಬೇರೆಯವರು ಎಂಬ ಸತ್ಯವನ್ನು ಆ ಮಂತ್ರಿಗಳು ಕಂಡಿದ್ದರು. ನಮ್ಮ ಕಾಲದ ಭೂಗತ ರಕ್ಷಣಾಗೃಹಗಳ ವಿಷಯದಲ್ಲೂ ಅದು ನಿಜವೇ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮೂರರಲ್ಲೂ ಸೋತ ಭರತನು ಒಪ್ಪಂದವನ್ನು ಮೀರಿ ಚಕ್ರರತ್ನವನ್ನು ತಮ್ಮನ ಮೇಲೆ ಪ್ರಯೋಗಿಸಿದನು. ಯಾವ ಮಂತ್ರಿಗೂ ಅದನ್ನು ತಡೆಯಲಾಗಲಿಲ್ಲ. ಚಕ್ರವು ಕೊಲ್ಲದೆ ಬಲಗೊಂಡು ನಿಂತದ್ದು ಆ ವಂಶದ ಪುಣ್ಯವಿಶೇಷ. ನಮ್ಮ ಕಾಲದ ಚಕ್ರಗಳಿಗೆ ಬಂಧುಗಳ ಗುರುತಿಲ್ಲ. ಯುದ್ಧವನ್ನು ನಿಜವಾಗಿ ಮುಗಿಸಿದ್ದು ಗೆದ್ದ ಬಾಹುಬಲಿಯ ತ್ಯಾಗ. ಮಧ್ಯಸ್ಥನ ಶಕ್ತಿಯೂ ಮಿತಿಯೂ ಇಲ್ಲಿ ಒಟ್ಟಿಗೆ ಕಾಣುತ್ತವೆ. ಅವನು ಕದನವನ್ನು ಕಿರಿದುಗೊಳಿಸಬಲ್ಲ, ಸಾವಿರಾರು ಜೀವಗಳನ್ನು ಉಳಿಸಬಲ್ಲ, ದಾರಿಯನ್ನು ತೋರಬಲ್ಲ. ಆಯುಧವನ್ನು ಕೆಳಗಿಡುವ ಮನಸ್ಸು ಮಾತ್ರ ಹಿಡಿದವನಲ್ಲೇ ಹುಟ್ಟಬೇಕು.

ಅರ್ಧ ಒಪ್ಪಂದದ ಬೆಲೆ

ನಿಯೋಗ ಕೆನಡಿಯವರನ್ನು ಕಂಡು ಒಂದು ತಿಂಗಳು ತುಂಬುವ ಮೊದಲೇ ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟು ಬಂತು. ಅಕ್ಟೋಬರ್ 20ರಂದು ಚೀನದ ಸೈನ್ಯ ನಮ್ಮ ಗಡಿಯ ಮೇಲೆ ಬಿತ್ತು. ಶಾಂತಿಯನ್ನು ಬೋಧಿಸುತ್ತಿದ್ದ ಭಾರತ ಅಮೆರಿಕದ ಬಳಿ ಶಸ್ತ್ರ ಕೇಳಬೇಕಾಯಿತು. ಹಾಗಾದರೆ ಆ ಮೂವರ ಪ್ರಯಾಣ ವ್ಯರ್ಥವೇ? 1963ರ ಆಗಸ್ಟ್ 5ರಂದು ಮಾಸ್ಕೋದಲ್ಲಿ ಭಾಗಶಃ ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಸಹಿ ಬಿತ್ತು. ಅದಕ್ಕೆ ಮುಖ್ಯ ಕಾರಣ ಕ್ಯೂಬಾದಲ್ಲಿ ಇಬ್ಬರಿಗೂ ಆದ ಭಯವೇ ಹೊರತು ನಿಯೋಗದ ಮಾತಲ್ಲ. ಇದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಭಯಗೊಂಡವನು ಓಡಿಹೋಗಲು ಬಾಗಿಲು ಬೇಕು. 1954ರಿಂದ ಒಂಬತ್ತು ವರ್ಷ, ಪರೀಕ್ಷೆಯನ್ನು ನಿಲ್ಲಿಸುವುದೇ ಮೊದಲ ಹೆಜ್ಜೆ ಎಂದು ಹೇಳುತ್ತ ಆ ಬಾಗಿಲನ್ನು ತೆರೆದಿಟ್ಟವರಲ್ಲಿ ಶಸ್ತ್ರವಿಲ್ಲದ ದೇಶಗಳು ಮುಂಚೂಣಿಯಲ್ಲಿದ್ದವು.

ಆ ಒಪ್ಪಂದ ಅಪೂರ್ಣ. ಗಾಳಿ, ನೀರು, ಆಕಾಶಗಳಲ್ಲಿ ಸ್ಫೋಟ ನಿಷಿದ್ಧ, ನೆಲದೊಳಗೆ ಅನುಮತ. ಪರೀಕ್ಷೆಗಳು ಭೂಮಿಯೊಳಗೆ ಇಳಿದವು, ಬಾಂಬುಗಳ ಸಂಖ್ಯೆ ಏರುತ್ತಲೇ ಹೋಗಿ 1980ರ ದಶಕದ ನಡುವೆ ಸುಮಾರು 70,000ಕ್ಕೆ ಮುಟ್ಟಿತು. ಇಂಥ ಅರ್ಧ ಒಪ್ಪಂದವನ್ನು ಮೆಚ್ಚುವುದು ಉಳಿದರ್ಧಕ್ಕೆ ಅನುಮೋದನೆಯಾಗುವುದಿಲ್ಲವೇ ಎಂದು ಕೇಳಬಹುದು. ಅಣುವ್ರತ, ಮಹಾವ್ರತಗಳ ಭೇದವನ್ನು ಬಲ್ಲ ನಮಗೆ ಉತ್ತರ ಕಷ್ಟವಲ್ಲ. ಶ್ರಾವಕನು ಸ್ಥೂಲಹಿಂಸೆಯನ್ನು ಬಿಟ್ಟಾಗ ಉಳಿದ ಹಿಂಸೆಗೆ ಅಪ್ಪಣೆ ಪಡೆದುಕೊಂಡಂತಲ್ಲ, ಬಿಡುವುದನ್ನು ಆರಂಭಿಸಿದಂತೆ. ವ್ರತವು ಕೆಡುವುದು ಇಷ್ಟಕ್ಕೇ ಸಾಕೆಂದು ನಿಂತಾಗ. 1963ರ ಅಣುವ್ರತದಿಂದ ಮಕ್ಕಳ ಹಾಲಿಗೆ ಬೀಳುತ್ತಿದ್ದ ವಿಷ ಕಡಿಮೆಯಾಯಿತು. ಅದು ನಿಜವಾದ ಲಾಭ. ಸಂಪೂರ್ಣ ನಿಷೇಧದ ಒಪ್ಪಂದ ಸಹಿಗೆ ಸಿದ್ಧವಾದದ್ದು 33 ವರ್ಷಗಳ ನಂತರ, 1996ರ ಸೆಪ್ಟೆಂಬರಿನಲ್ಲಿ. ಭಾರತ ಅದಕ್ಕೆ ಸಹಿ ಮಾಡಲಿಲ್ಲ, ಒಪ್ಪಂದ ಇನ್ನೂ ಜಾರಿಗೆ ಬಂದಿಲ್ಲ. ಅದು ನಿಜವಾದ ನಷ್ಟ.

ಮಧ್ಯಸ್ಥನೇ ಆಯುಧ ಹಿಡಿದಾಗ

ಈಗ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. 1964ರ ಅಕ್ಟೋಬರ್ 16ರಂದು ಚೀನ ಅಣುಬಾಂಬನ್ನು ಸ್ಫೋಟಿಸಿತು. 1974ರ ಮೇ 18ರಂದು ಭಾರತವು ಪೋಖ್ರಾನಿನಲ್ಲಿ ತನ್ನ ಮೊದಲ ಸ್ಫೋಟವನ್ನು ನಡೆಸಿತು. ಅದರ ಮುಂದಾಳು ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರು. 1998ರ ಮೇ 11 ಮತ್ತು 13ರಂದು ಮತ್ತೆ ಐದು ಸ್ಫೋಟಗಳಾದವು. ಪರೀಕ್ಷೆ ನಿಲ್ಲಿಸಿರೆಂದು ಕೇಳಲು ಹೋದ ದಿವಾಕರರೂ ಶಿವರಾಯರೂ ಕನ್ನಡಿಗರೇ. ಪರೀಕ್ಷೆಯನ್ನು ನಡೆಸಿದ ರಾಮಣ್ಣನವರೂ ಕನ್ನಡಿಗರೇ. ಮೂವರ ದೇಶಪ್ರೇಮವೂ ಪ್ರಶ್ನಾತೀತ. ನಮ್ಮ ಬಿಳಿಚೋಡಿಗೂ ಈ ವಿಷಯ ದೂರದ್ದಲ್ಲ: ನೆರೆಯ ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೂ ರಕ್ಷಣಾ ಸಂಶೋಧನಾ ಸಂಸ್ಥೆಗೂ ಸಾವಿರಾರು ಎಕರೆ ನೆಲ ದೊರೆತಿದೆ.

ಗಡಿಯಲ್ಲಿ ಪ್ರಬಲ ನೆರೆಯವನು ಬಾಂಬು ಹಿಡಿದು ನಿಂತಿರುವಾಗ ಗೃಹಸ್ಥನು ಬರಿಗೈಯಲ್ಲಿ ಇರಬೇಕೆನ್ನುವುದು ಸುಲಭದ ಮಾತಲ್ಲ. ವಿರೋಧೀ ಹಿಂಸೆಯನ್ನು, ಎಂದರೆ ಆತ್ಮರಕ್ಷಣೆಗಾಗಿ ಅನಿವಾರ್ಯವಾದ ಹಿಂಸೆಯನ್ನು, ಶ್ರಾವಕನಿಗೆ ಸಂಪೂರ್ಣವಾಗಿ ನಿಷೇಧಿಸಿಲ್ಲವೆಂಬುದೂ ನಿಜ. ಆದರೆ ಅಣ್ವಸ್ತ್ರವು ಆಕ್ರಮಿಸಿದವನನ್ನು ಮಾತ್ರ ಕೊಲ್ಲುವುದಿಲ್ಲ. ಅವನ ತೊಟ್ಟಿಲ ಮಗುವನ್ನೂ ದನಕರುಗಳನ್ನೂ ಇನ್ನೂ ಹುಟ್ಟದವರನ್ನೂ ಕೊಲ್ಲುತ್ತದೆ. ಆದ್ದರಿಂದ ವಿರೋಧೀ ಹಿಂಸೆಯ ಹೆಸರಿನಲ್ಲಿ ಅದನ್ನು ಸಮರ್ಥಿಸಲಾಗದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಮರ್ಥಿಸುವವರೂ ಒಂದನ್ನು ಒಪ್ಪಬೇಕು: ಜಮಾ ಬದಿಯಲ್ಲಿ ಭದ್ರತೆಯನ್ನು ಬರೆದುಕೊಂಡವರು ಖರ್ಚಿನ ಬದಿಯಲ್ಲಿ ಮಧ್ಯಸ್ಥನ ಪತ್ತನ್ನು ಬರೆಯಲೇಬೇಕು. 1988ರ ಜೂನ್‌ನಲ್ಲಿ ರಾಜೀವ್ ಗಾಂಧಿಯವರು 2010ರೊಳಗೆ ಅಣ್ವಸ್ತ್ರಗಳೆಲ್ಲ ಇಲ್ಲವಾಗುವ ಯೋಜನೆಯೊಂದನ್ನು ವಿಶ್ವಸಂಸ್ಥೆಯ ಮುಂದಿಟ್ಟರು. ಹತ್ತು ವರ್ಷಗಳ ನಂತರ ನಾವೇ ಕಕ್ಷಿದಾರರಾದೆವು. ಕಕ್ಷಿದಾರನೂ ರಾಜಿ ಮಾಡಿಕೊಳ್ಳಬಹುದು, ಮಾಡಿಕೊಳ್ಳಲೇಬೇಕು. ಮೊದಲು ಪ್ರಯೋಗಿಸುವುದಿಲ್ಲವೆಂಬ ನಮ್ಮ ಘೋಷಣೆ ಆ ದಿಕ್ಕಿನಲ್ಲಿ ಒಂದು ವ್ರತವೇ. ಆದರೆ ಅವನು ಇನ್ನು ಪಂಚನಾಗಿ ಕೂರಲಾರ.

ಆ ಪೀಠ ಬರಿದಾಗಲಿಲ್ಲ. 1961ರಲ್ಲಿ ಅಣ್ವಸ್ತ್ರಗಳು ಹರಡದಂತೆ ತಡೆಯುವ ನಿರ್ಣಯವನ್ನು ವಿಶ್ವಸಂಸ್ಥೆಯಲ್ಲಿ ಸರ್ವಾನುಮತದಿಂದ ಗೆಲ್ಲಿಸಿದ್ದು ಪುಟ್ಟ ಐರ್ಲೆಂಡ್. ಬಾಂಬು ತಯಾರಿಸುವ ಸಾಮರ್ಥ್ಯವಿದ್ದೂ ಬಿಟ್ಟುಕೊಟ್ಟ ಸ್ವೀಡನ್, ಭೂಕಂಪಮಾಪಕಗಳಿಂದ ಸ್ಫೋಟವನ್ನು ಪತ್ತೆಹಚ್ಚುವ ವಿದ್ಯೆಯನ್ನು ಬೆಳೆಸಲು ಶ್ರಮಿಸಿತು. 1967ರಲ್ಲಿ ಲ್ಯಾಟಿನ್ ಅಮೆರಿಕವನ್ನು ಅಣ್ವಸ್ತ್ರಮುಕ್ತ ವಲಯವಾಗಿಸಲು ಮೆಕ್ಸಿಕೊ ಮುಂದಾಯಿತು. ಅದರ ರೂವಾರಿ ಗಾರ್ಸಿಯಾ ರೋಬ್ಲೆಸ್ ಅವರಿಗೂ ಸ್ವೀಡನ್ನಿನ ಆಲ್ವಾ ಮಿರ್ಡಾಲ್ ಅವರಿಗೂ 1982ರ ನೊಬೆಲ್ ಶಾಂತಿ ಪಾರಿತೋಷಕ ಬಂತು. ತಾನು ಗುಟ್ಟಾಗಿ ತಯಾರಿಸಿದ್ದ ಆರು ಬಾಂಬುಗಳನ್ನು ಕಳಚಿಹಾಕಿದ್ದಾಗಿ ದಕ್ಷಿಣ ಆಫ್ರಿಕ 1993ರಲ್ಲಿ ಸಾರಿತು. ಎರಡೇ ವರ್ಷಗಳಲ್ಲಿ ಅದರ ಮಾತಿಗೆ ಅಂತಾರಾಷ್ಟ್ರೀಯ ಸಭೆಯಲ್ಲಿ ವಿಶೇಷ ಗೌರವ ದೊರೆಯಿತು. ಬಿಟ್ಟವನ ಮಾತಿಗೆ ತೂಕ ಹೆಚ್ಚು ಎಂಬುದು ಬಾಹುಬಲಿಯ ನಾಡಿನವರಿಗೆ ಆಶ್ಚರ್ಯವಾಗಬಾರದು.

ಬೆಂಗಳೂರಿಗಿಂತ ಕಡಿಮೆ ಜನಸಂಖ್ಯೆಯ ಒಮಾನ್ ದೇಶದ ದೃಷ್ಟಾಂತ ಇನ್ನೂ ಈಚಿನದು. 2012 ಮತ್ತು 2013ರಲ್ಲಿ ಅಮೆರಿಕ ಮತ್ತು ಇರಾನಿನ ಅಧಿಕಾರಿಗಳು ಅಲ್ಲಿ ಗುಟ್ಟಾಗಿ ಭೇಟಿಯಾದರು. ನಮ್ಮ ದನದ ಜಾತ್ರೆಗಳಲ್ಲಿ ದಲ್ಲಾಳಿಯು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ದರ ಕೇಳುವುದುಂಟು. ಬಹಿರಂಗವಾಗಿ ದರ ಕೂಗಿದರೆ ಇಬ್ಬರಿಗೂ ಹಿಂದೆ ಸರಿಯಲು ಮಾನ ಅಡ್ಡಬರುತ್ತದೆ; ಮರೆಯಲ್ಲಾದರೆ ಒಂದು ಬೆರಳು ಮಡಿಸಬಹುದು. ಒಮಾನ್ ಹಿಡಿದದ್ದು ಆ ವಸ್ತ್ರವನ್ನು. ಅದರ ಫಲವಾಗಿ 2015ರ ಜುಲೈ 14ರಂದು ವಿಯೆನ್ನಾದಲ್ಲಿ ಒಪ್ಪಂದವಾಯಿತು. 2018ರಲ್ಲಿ ಅಮೆರಿಕ ಅದರಿಂದ ಹೊರಬಂದಿತು. 2025ರ ಏಪ್ರಿಲ್‌ನಲ್ಲಿ ಒಮಾನ್ ಮತ್ತೆ ಇಬ್ಬರನ್ನೂ ಕೂಡಿಸಿತು. ಜೂನ್ 15ರಂದು ಮಸ್ಕತ್ತಿನಲ್ಲಿ ಆರನೆಯ ಸುತ್ತಿನ ಮಾತುಕತೆ ನಿಗದಿಯಾಗಿತ್ತು. 13ರಂದೇ ಇಸ್ರೇಲ್ ಇರಾನಿನ ಮೇಲೆ ದಾಳಿ ಆರಂಭಿಸಿತು. ಮಧ್ಯಸ್ಥನು ಹೆಣೆದದ್ದನ್ನು ಇತರರು ಹರಿಯಬಹುದು. ಹರಿದರೆಂದು ಹೆಣೆದದ್ದು ತಪ್ಪಾಗದು.

ಜಗತ್ತಿನಲ್ಲಿ ಈಗಲೂ ಸುಮಾರು 12,000 ಅಣ್ವಸ್ತ್ರಗಳಿವೆ. 2017ರ ಜುಲೈ 7ರಂದು 122 ರಾಷ್ಟ್ರಗಳು ಅಣ್ವಸ್ತ್ರ ನಿಷೇಧದ ಒಪ್ಪಂದದ ಪರ ಮತ ನೀಡಿದವು; 2021ರ ಜನವರಿ 22ರಿಂದ ಅದು ಜಾರಿಗೆ ಬಂದಿದೆ. ಅಣ್ವಸ್ತ್ರ ಹೊಂದಿದ ಒಂದು ದೇಶವೂ ಅದರಲ್ಲಿ ಸೇರಿಲ್ಲ. ಇವರನ್ನೇ ಅವಿನೇಯರು ಎನ್ನಬೇಕು. ಇವರ ವಿಷಯದಲ್ಲೇ ಮಾಧ್ಯಸ್ಥ್ಯವನ್ನು ತಾಳಬೇಕು. ದ್ವೇಷಿಸದೆ, ಕೈಚೆಲ್ಲದೆ, ಮಾತಿನ ಬಾಗಿಲನ್ನು ಮುಚ್ಚದೆ ಇರುವುದೇ ಇಲ್ಲಿ ಆ ಶಬ್ದದ ಅರ್ಥ.

ನಮ್ಮ ಪಾಲಿನ ಕರ್ತವ್ಯ

ಹಳ್ಳಿಯಲ್ಲಿರುವ ಶ್ರಾವಕನು ಇದರಲ್ಲಿ ಮಾಡಬೇಕಾದದ್ದೇನು? ಮೊದಲನೆಯದು, ಅನುಮೋದನೆಯನ್ನು ಹಿಂತೆಗೆದುಕೊಳ್ಳುವುದು. ಶತ್ರುದೇಶದ ಒಂದು ನಗರವನ್ನು ಅಳಿಸಿಹಾಕಬೇಕೆಂಬ ಮಾತು ಅಂಗಡಿಯ ಕಟ್ಟೆಯಲ್ಲಿ ಲೀಲಾಜಾಲವಾಗಿ ಬಂದಾಗ, ನಗುತ್ತ ತಲೆಯಾಡಿಸದಿರುವುದು ಕೂಡ ವ್ರತಪಾಲನೆ. ಎರಡನೆಯದು, ಮಧ್ಯಸ್ಥರನ್ನು ಗೌರವಿಸಲು ಕಲಿಯುವುದು. ನಮ್ಮ ಮಕ್ಕಳಿಗೆ ಸೇನಾನಿಗಳ ಹೆಸರುಗಳು ಗೊತ್ತು. ನರಸಿಂಗರಾಯರ, ಶಿವರಾಯರ, ದಿವಾಕರರ ಈ ಕಾರ್ಯ ಗೊತ್ತಿಲ್ಲ. ಪಾಠಶಾಲೆಗಳಲ್ಲಿ ಇದನ್ನು ಹೇಳಬಹುದು.

ಮೂರನೆಯದು, ನಮ್ಮಲ್ಲೇ ಅಭ್ಯಾಸ ಮಾಡುವುದು. ಬಸದಿಗಳ ಆಡಳಿತ, ಆಸ್ತಿ, ಪೂಜಾಕ್ರಮಗಳ ವಿಷಯವಾಗಿ ವರ್ಷಗಟ್ಟಲೆ ನ್ಯಾಯಾಲಯ ಹತ್ತುವ ಧರ್ಮಸಂಸ್ಥೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಅಲ್ಲಿ ಬಲಶಾಲಿಯಾದ ಮೂರನೆಯವನನ್ನು ನಾವು ಹುಡುಕುತ್ತೇವೆ. ಹುಡುಕಬೇಕಾದದ್ದು ಲಾಭವಿಲ್ಲದ ಮೂರನೆಯವನನ್ನು. ಎರಡೂ ಕಡೆ ಒಂದೇ ಮಾತನ್ನು ಆಡುವವನೇ, ಬೈಸಿಕೊಂಡರೂ ಎದ್ದುಹೋಗದವನೇ, ಅರ್ಧ ರಾಜಿಯಾದಾಗ ಉಳಿದರ್ಧವನ್ನು ಮರೆಯದವನೇ ಎಂದು ನೋಡಿ ಆರಿಸಬೇಕು. ಒಂದು ಬಸದಿಯ ಎರಡು ಪಕ್ಷಗಳನ್ನು ಕೂಡಿಸಲಾರದ ಸಮಾಜ, ರಾಷ್ಟ್ರಗಳಿಗೆ ಅಹಿಂಸೆಯನ್ನು ಬೋಧಿಸಲು ಹೊರಟರೆ ಕೇಳುವವರಾರು?

ಪರ್ಯುಷಣದ ಕೊನೆಯಲ್ಲಿ ನಾವು ಸಮಸ್ತ ಜೀವರಾಶಿಯ ಕ್ಷಮೆಯನ್ನು ಕೇಳುತ್ತೇವೆ, ಎಲ್ಲರನ್ನೂ ಕ್ಷಮಿಸುತ್ತೇವೆ. ಆ ದಿನ ಮುನಿಸಿಕೊಂಡ ಇಬ್ಬರ ಮನೆಗಳ ನಡುವೆ ನಡೆದುಹೋಗಿ ಒಬ್ಬನ ಮಾತನ್ನು ಇನ್ನೊಬ್ಬನಿಗೆ ವಿಕಾರಗೊಳಿಸದೆ ತಲುಪಿಸುವ ಕೆಲಸವನ್ನು ಪ್ರತಿಯೊಂದು ಊರಿನಲ್ಲೂ ಒಬ್ಬರಾದರೂ ವಹಿಸಿಕೊಳ್ಳಲಿ. ದೊಡ್ಡ ಮಧ್ಯಸ್ಥರು ಇಂಥ ಸಣ್ಣ ಅಭ್ಯಾಸದಿಂದಲೇ ಸಿದ್ಧರಾಗುತ್ತಾರೆ.